ಕ್ರಿಪ್ಟೋಲೇಮಸ್ ಮತ್ತು ಏಳು ಚುಕ್ಕಿ ಗುಲಗಂಜಿ ಹುಳು: ವರ್ಷಗಟ್ಟಲೆ ಬಳಸಿದ ಮೇಲೆ

ಹಸಿರುಮನೆಯ ಗಿಡಗಳ ರಸ ಹೀರುವ ಕೀಟಗಳನ್ನು ತಿನ್ನಲಿ ಎಂದು ಈ ಎರಡೂ ಜೀರುಂಡೆಗಳನ್ನು ವರ್ಷಗಳಿಂದ ತರಿಸಿ ಬಿಡುತ್ತಿದ್ದೇನೆ. ಒಂದನ್ನೇ ಆರಿಸಿ ಅಂದರೆ ನನ್ನ ಓಟು ಕ್ರಿಪ್ಟೋಲೇಮಸ್‌ಗೆ. ನೋಡೋಕೆ ಚಂದ ಇರೋದು ಏಳು ಚುಕ್ಕಿ, ನಿಜ. ಡಬ್ಬಿ ತೆರೆದ ಕೂಡಲೇ ಹಾರಿ ಹೋಗುವುದೂ ಅದೇ!

ಕ್ರಿಪ್ಟೋಲೇಮಸ್‌ನ ಬೆಳೆದ ಹುಳು 4 ಮಿ.ಮೀ. ಆಸುಪಾಸು. ಕಪ್ಪು ಮೈ, ಕಿತ್ತಳೆ ತಲೆ. ಹಿಟ್ಟು ತಿಗಣೆಯ (ಗಿಡದ ರಸ ಹೀರುವ, ಬಿಳಿ ಹಿಟ್ಟು ಮೆತ್ತಿದಂಥ ಕೀಟ) ಹತ್ತಿಯಂಥ ಮೊಟ್ಟೆಚೀಲದೊಳಗೇ ತನ್ನ ಮೊಟ್ಟೆ ಇಡುತ್ತದೆ. ಮರಿಗೆ ಹುಟ್ಟಿದ ಜಾಗದಲ್ಲೇ ಊಟ. ಆ ಮರಿಯ ಮೈಮೇಲೂ ಬಿಳಿ ಮೇಣದ ಎಳೆಗಳು, ಥೇಟ್ ಹಿಟ್ಟು ತಿಗಣೆಯೇ. ಗೊತ್ತಿಲ್ಲದವರು ಸೋಪಿನ ನೀರು ಹೊಡೆದು ಸಾಯಿಸಿಬಿಡುತ್ತಾರೆ. ಅನುಮಾನ ಬಂದರೆ ಕಡ್ಡಿಯಿಂದ ಮುಟ್ಟಿ ನೋಡಿ. ತಿಗಣೆ ಜಾಸ್ತಿ ಅಲುಗಾಡುವುದಿಲ್ಲ, ಮರಿ ಸರಸರ ಓಡುತ್ತದೆ. ಗಾತ್ರದಲ್ಲೂ ಮರಿಯೇ ದೊಡ್ಡದು, 13 ಮಿ.ಮೀ. ವರೆಗೂ ಬೆಳೆಯುತ್ತದೆ.

ಇದರ ದೊಡ್ಡ ತೊಂದರೆ ಚಳಿ. 16 ಡಿಗ್ರಿಗಿಂತ ಕೆಳಗಿಳಿದರೆ ಮಂಕಾಗಿ ಕೂತುಬಿಡುತ್ತದೆ. 1891ರಲ್ಲಿ ಕೀಟತಜ್ಞ ಆಲ್ಬರ್ಟ್ ಕೋಬೆಲ್ ಇದನ್ನು ಆಸ್ಟ್ರೇಲಿಯಾದಿಂದ ಕ್ಯಾಲಿಫೋರ್ನಿಯಾದ ಕಿತ್ತಳೆ, ನಿಂಬೆ ತೋಟಗಳಿಗೆ ತಂದಾಗಲೂ ಇದೇ ಗೋಳು. ಕರಾವಳಿ ಬಿಟ್ಟು ಒಳನಾಡಿನಲ್ಲಿ ಚಳಿಗಾಲ ದಾಟಲಿಲ್ಲ. ಹಾಗಾಗಿ ಅಲ್ಲಿ ಸಾಕಿ ಸಾಕಿ ಮತ್ತೆ ಬಿಡಬೇಕಾಯಿತು. ನಾನೂ ಪ್ರತಿ ಸಲ ಹೊಸದಾಗಿ ತರಿಸುತ್ತೇನೆ. ತಿಗಣೆ ಕಡಿಮೆಯಾದರೆ ತಿನ್ನೋಕೆ ಇಲ್ಲದೆ ಇವೂ ಉಳಿಯುವುದಿಲ್ಲ.

ಏಳು ಚುಕ್ಕಿ ಗಿಡದ ಹೇನಿಗೆ ಸರಿ, ಹಿಟ್ಟು ತಿಗಣೆಗೆ ತರಿಸಿದರೆ ದುಡ್ಡು ದಂಡ. ಬೆಳೆದ ಹುಳುಗಳ ಬದಲು ಮರಿಗಳನ್ನೇ ಕೇಳಿ. ಮರಿಗೆ ರೆಕ್ಕೆ ಇಲ್ಲವಲ್ಲ, ಬಿಟ್ಟ ಗಿಡದಲ್ಲೇ ತಿನ್ನುತ್ತದೆ. ಬೂದುಗಪ್ಪು ಮೈ, ಅಲ್ಲಲ್ಲಿ ಕಿತ್ತಳೆ ಚುಕ್ಕೆ, ನೋಡಿದರೆ ಪುಟ್ಟ ಮೊಸಳೆ. ಚಿಗುರಿನ ತುದಿಯಲ್ಲಿ ಹೇನನ್ನು ಕಚ್ಚಿ ಹಿಡಿದು ರಸ ಹೀರುವುದನ್ನು ಒಮ್ಮೆ ನೋಡಬೇಕು. ಹಸಿವಾದರೆ ತಮ್ಮವನ್ನೇ ತಿನ್ನುತ್ತವೆ, ಒಂದೇ ಕಡೆ ರಾಶಿ ಸುರಿಯಬೇಡಿ. ಬೆಳೆದ ಹುಳುವನ್ನು ಗಟ್ಟಿಯಾಗಿ ಹಿಡಿದರೆ ಕಾಲಿನ ಸಂದಿನಿಂದ ಹಳದಿ ರಸ ಬಿಡುತ್ತದೆ, ಕೆಟ್ಟ ವಾಸನೆ.

ಎರಡಕ್ಕೂ ಮೊದಲ ಶತ್ರು ಇರುವೆ. ತಿಗಣೆ, ಹೇನು ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅವಕ್ಕೆ ಕಾವಲು ನಿಲ್ಲುತ್ತವೆ, ಜೀರುಂಡೆಗಳನ್ನು ಓಡಿಸುತ್ತವೆ. ಮೊದಲು ಇರುವೆ ಹತ್ತದ ಹಾಗೆ ಕಾಂಡಕ್ಕೆ ಅಂಟು ಪಟ್ಟಿ ಸುತ್ತಿ, ಆಮೇಲೆ ಆರ್ಡರ್ ಮಾಡಿ. ಕೀಟನಾಶಕ ಹೊಡೆದ ಗಿಡವಾದರೆ ಅದರ ಪ್ರಭಾವ ಇಳಿಯುವವರೆಗೆ ಎರಡನ್ನೂ ತರಿಸಬೇಡಿ.