ಟೈಪಿಂಗ್ ಅಂಗಡಿಯಲ್ಲಿ 14 ವರ್ಷ: ಲಿಬ್ರೆಆಫೀಸ್ ರೈಟರ್ ಬಳಸಿದ ಅನುಭವ

ಕಳೆದ ತಿಂಗಳು ವಯಸ್ಸಾದ ಯಜಮಾನರೊಬ್ಬರು ಅಂಗಡಿಗೆ ಬಂದರು. "ಏನಮ್ಮಾ, ಮೇಲಿನ ಮನೆ ಬಾಡಿಗೆಗೆ ಕೊಟ್ಟಾಗ ನೀನೇ ಕರಾರು ಮಾಡಿಕೊಟ್ಟಿದ್ದೆ. ಅದೇ ಥರ ಇನ್ನೊಂದು ಬೇಕಲ್ಲಾ" ಅಂದರು. ಯಾವ ವರ್ಷ ಅಂತ ಕೇಳಿದೆ. 2012 ಅಂದರು. ಅವರ ಹೆಸರು ಹಾಕಿ ಹುಡುಕಿದೆ, ಫೈಲು ಸಿಕ್ಕಿತು, ತೆರೆಯಿತು. ಒಂದು ಒತ್ತಕ್ಷರವೂ ಆಚೀಚೆ ಆಗಿರಲಿಲ್ಲ. ಬಾಡಿಗೆದಾರರ ಹೆಸರು, ತಾರೀಖು, ಬಾಡಿಗೆ ಮೊತ್ತ ತಿದ್ದಿ ಹತ್ತು ನಿಮಿಷದಲ್ಲಿ ಪ್ರಿಂಟ್ ಕೊಟ್ಟೆ.

ನಮ್ಮ ಅಂಗಡಿ ಇರುವುದು ಉಪನೋಂದಣಿ ಕಚೇರಿಯ ಪಕ್ಕದಲ್ಲಿ. ಬಾಡಿಗೆ ಕರಾರು, ಕ್ರಯಪತ್ರ, ಅಫಿಡವಿಟ್, ಅರ್ಜಿ, ದಿನವಿಡೀ ಇದೇ ಕೆಲಸ. 2011ರಿಂದ ಇಷ್ಟನ್ನೂ ಲಿಬ್ರೆಆಫೀಸ್ ರೈಟರ್ ಎಂಬ ಉಚಿತ ಟೈಪಿಂಗ್ ಸಾಫ್ಟ್‌ವೇರ್‌ನಲ್ಲೇ ಮಾಡುತ್ತಿದ್ದೇನೆ. ಅದಕ್ಕೂ ಮೊದಲು ಎರಡು ವರ್ಷ ಓಪನ್‌ಆಫೀಸ್ ಇತ್ತು. ಎರಡೂ ಒಂದೇ ಮನೆಯವು.

ಆ ಮನೆಯ ಕಥೆ ಸ್ವಲ್ಪ ಹೇಳಲೇಬೇಕು. ಮೊದಲು ಇದು ಜರ್ಮನಿಯ ಸ್ಟಾರ್ ಡಿವಿಷನ್ ಕಂಪನಿಯ ಸ್ಟಾರ್‌ಆಫೀಸ್. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡುಕೊಂಡಿತು. ಮರುವರ್ಷವೇ ಅದರ ಮೂಲ ಕೋಡನ್ನು (ಸಾಫ್ಟ್‌ವೇರ್ ಬರೆದ ಸಾಲುಗಳನ್ನು) ಎಲ್ಲರಿಗೂ ಬಿಟ್ಟುಕೊಟ್ಟಿತು, ಅದರಿಂದ ಬಂದದ್ದೇ ಓಪನ್‌ಆಫೀಸ್. 2010ರ ಜನವರಿಯಲ್ಲಿ ಸನ್ ಕಂಪನಿಯೇ ಒರಾಕಲ್ ಪಾಲಾಯಿತು. ಮುಂದೆ ಏನಾಗುತ್ತದೋ ಎಂಬ ಆತಂಕದಲ್ಲಿ ಓಪನ್‌ಆಫೀಸ್‌ಗೆ ಕೆಲಸ ಮಾಡುತ್ತಿದ್ದ ಹಲವರು ಅದೇ ಸೆಪ್ಟೆಂಬರ್‌ನಲ್ಲಿ ಬೇರೆಯಾಗಿ ದ ಡಾಕ್ಯುಮೆಂಟ್ ಫೌಂಡೇಶನ್ ಶುರು ಮಾಡಿದರು. ಅವರ ಲಿಬ್ರೆಆಫೀಸ್‌ನ ಮೊದಲ ಆವೃತ್ತಿ 3.3 ಬಂದದ್ದು 2011ರ ಜನವರಿಯಲ್ಲಿ. ಅದೇ ವರ್ಷ ಒರಾಕಲ್ ಓಪನ್‌ಆಫೀಸನ್ನು ಅಪಾಚೆ ಎಂಬ ಸಂಸ್ಥೆಗೆ ಒಪ್ಪಿಸಿತು.

ಯಜಮಾನರು ಇಷ್ಟು ಸಲ ಬದಲಾದರೂ ನನ್ನ ಫೈಲುಗಳಿಗೆ ಏನೂ ಆಗಲಿಲ್ಲ. ನನ್ನಂಥವಳಿಗೆ ಬೇಕಾದದ್ದು ಅದೇ ಅಲ್ವಾ? ಕೋಡು ಎಲ್ಲರ ಕೈಯಲ್ಲೂ ಇದ್ದಿದ್ದರಿಂದ ಒಂದು ಕಂಪನಿ ಕೈಬಿಟ್ಟರೂ ಇನ್ನೊಬ್ಬರು ಎತ್ತಿಕೊಳ್ಳಲು ಆಯಿತು. ಈಗ ಸಾಫ್ಟ್‌ವೇರ್ ಅಂದರೆ ಬಾಡಿಗೆ ಮನೆ ಇದ್ದ ಹಾಗೆ. ಹೊಸ ಆವೃತ್ತಿಗಳು ಇನ್ನು ಚಂದಾದಾರರಿಗೆ ಮಾತ್ರ ಎಂದು ಫೋಟೋಶಾಪ್ ಮಾಡುವ ಅಡೋಬಿ 2013ರಲ್ಲೇ ಹೇಳಿತು. ದೊಡ್ಡ ಕಚೇರಿಗಳಿಗೆ ವರ್ಷ ವರ್ಷ ಕಟ್ಟುವುದು ಭಾರ ಅನಿಸಲಿಕ್ಕಿಲ್ಲ. ಪುಟಕ್ಕೆ ಇಷ್ಟು ಅಂತ ದುಡಿಯುವ ಅಂಗಡಿಗೆ ಅದು ಭಾರವೇ.

ಸರಿ, ಕೆಲಸದ ವಿಷಯಕ್ಕೆ ಬರುತ್ತೇನೆ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಪೇಜ್ ಸ್ಟೈಲ್, ಅಂದರೆ ಪುಟದ ಮಾರ್ಜಿನ್ ಮುಂತಾದ್ದನ್ನು ಒಂದು ಹೆಸರಿನಲ್ಲಿ ಕಟ್ಟಿಡುವುದು. ಇ-ಸ್ಟ್ಯಾಂಪ್ ಕಾಗದ ನೋಡಿದವರಿಗೆ ಗೊತ್ತು, ಮೇಲಿನ ಬಹುಪಾಲು ಜಾಗ ಅದರ ವಿವರಕ್ಕೇ ಹೋಗುತ್ತದೆ. ನಾವು ಟೈಪ್ ಮಾಡಿದ್ದು ಅದರ ಕೆಳಗಿನ ಗೆರೆಯಿಂದ ಶುರುವಾಗಬೇಕು. ಎರಡನೇ ಪುಟ ಮಾತ್ರ ಖಾಲಿ ಹಾಳೆ, ಮೇಲಿನಿಂದಲೇ ಬರಬೇಕು. ಮೊದಲೆಲ್ಲ ಎಂಟರ್ ಒತ್ತಿ ಒತ್ತಿ ಜಾಗ ಬಿಡುತ್ತಿದ್ದೆ. ಮಧ್ಯೆ ಒಂದು ಸಾಲು ಸೇರಿಸಿದರೆ ಎಲ್ಲಾ ಜಾರಿ ಹೋಗುತ್ತಿತ್ತು. ರೈಟರ್‌ನಲ್ಲಿ 'ಫಸ್ಟ್ ಪೇಜ್' ಅನ್ನುವ ಸ್ಟೈಲ್ ಇದೆ. ಸ್ಕೇಲು ಹಿಡಿದು ಇ-ಸ್ಟ್ಯಾಂಪ್ ಅಳೆದು ಅಷ್ಟು ಮಾರ್ಜಿನ್ ಅದಕ್ಕೆ ಕೊಟ್ಟೆ. ಮುಂದಿನ ಪುಟಕ್ಕೆ ಸಾಮಾನ್ಯ ಸ್ಟೈಲ್ ಅಂತ ಹೇಳಿ ಟೆಂಪ್ಲೇಟ್ ಮಾಡಿ ಇಟ್ಟೆ. ಆಮೇಲೆ ಮಾರ್ಜಿನ್ ತಪ್ಪಿ ಇ-ಸ್ಟ್ಯಾಂಪ್ ಹಾಳಾಗಿದ್ದೇ ಇಲ್ಲ. ಕಾಗದ ಹಾಳಾದರೆ ನಷ್ಟ ಯಾರದ್ದು ಅಂತ ಬೇರೆ ಹೇಳಬೇಕಿಲ್ಲ.

ಇನ್ನೊಂದು ಒಳ್ಳೆಯ ಬದಲಾವಣೆ 2017ರ 5.3 ಆವೃತ್ತಿಯಲ್ಲಿ ಬಂತು. ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್, ಮನೆಯದರಲ್ಲಿ ಅದರ ಬದಲು ಉಬುಂಟು. ಮನೆಯಲ್ಲಿ ಮೂರು ಪುಟಕ್ಕೆ ಮುಗಿದ ಕ್ರಯಪತ್ರ ಅಂಗಡಿಯಲ್ಲಿ ನಾಲ್ಕನೇ ಪುಟಕ್ಕೆ ಎರಡು ಸಾಲು ದಾಟುತ್ತಿತ್ತು. ಆ ಆವೃತ್ತಿಯಿಂದ ಅಕ್ಷರ ಜೋಡಿಸುವ ಕೆಲಸ ಎಲ್ಲಾ ಕಡೆ ಹಾರ್ಫ್‌ಬಝ್ ಎಂಬ ಒಂದೇ ಎಂಜಿನ್‌ಗೆ ಬಂತು. ಅಲ್ಲಿಂದ ಎರಡೂ ಕಡೆ ಒಂದೇ ಫಾಂಟ್ ಹಾಕಿದರೆ ಸಾಲು ಮುರಿಯುವ ಜಾಗ ನನಗೆ ಬೇರೆ ಬೇರೆ ಆಗಿಲ್ಲ.

ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ಕನ್ನಡವನ್ನು ರೈಟರ್ 'ಕಾಂಪ್ಲೆಕ್ಸ್ ಟೆಕ್ಸ್ಟ್' ಎಂದು ಬೇರೆ ಸಾಲಿನಲ್ಲಿ ಕೂರಿಸುತ್ತದೆ. ಅದಕ್ಕೆ ಬೇರೆ ಫಾಂಟ್, ಬೇರೆ ಅಳತೆ. ಹೊಸಬರು ಇಂಗ್ಲಿಷ್ ಅಕ್ಷರದ ಅಳತೆ ಬದಲಿಸಿ, ಕನ್ನಡ ಯಾಕೆ ದೊಡ್ಡದಾಗಲಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಸ್ಟೈಲ್‌ನಲ್ಲೇ ಎರಡನ್ನೂ ಒಂದು ಸಲ ಸರಿ ಮಾಡಿಟ್ಟರೆ ಮತ್ತೆ ಕಾಟ ಇಲ್ಲ.

ಹಳೇ ನುಡಿ ಫಾಂಟಿನ ಫೈಲುಗಳದ್ದು ಬೇರೆಯದೇ ಗೋಳು. ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಗುರುತು ಇರುತ್ತದೆ; ಯೂನಿಕೋಡ್ ಅಲ್ಲದ ಆ ಅಕ್ಷರಗಳು ಒಳಗೆ ಇಂಗ್ಲಿಷ್ ಗುರುತುಗಳೇ. ಆದ್ದರಿಂದ ಪುಟದ ತುಂಬಾ ಸ್ಪೆಲ್ಲಿಂಗ್ ತಪ್ಪು ಅಂತ ಕೆಂಪು ಗೆರೆ ಎಳೆದು ಬಿಡುತ್ತದೆ. ಇದು ರೈಟರ್ ತಪ್ಪಲ್ಲ. ಅಂಥ ಫೈಲು ಬಂದರೆ ನಾನು ಮೊದಲು ಯೂನಿಕೋಡ್‌ಗೆ ಬದಲಿಸುತ್ತೇನೆ. ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡುತ್ತೇನೆ. ಕ್ರಯಪತ್ರದಲ್ಲಿ ಊರಿನ ಹೆಸರು ತಪ್ಪಾದರೆ ಆಮೇಲೆ ತಿದ್ದುಪಡಿ ಪತ್ರ ಮಾಡಿಸಬೇಕು, ಅಲೆದಾಟ ಜಾಸ್ತಿ.

ವಕೀಲರು ಮೈಕ್ರೋಸಾಫ್ಟ್ ವರ್ಡ್‌ನ ಡಾಕ್ಸ್ ಫೈಲು ಕಳಿಸಿದಾಗ ಕೋಷ್ಟಕಗಳು ಸ್ವಲ್ಪ ಅಲುಗಾಡುತ್ತವೆ. ಚಕ್ಕುಬಂದಿಯ ಷೆಡ್ಯೂಲು ಯಾವಾಗಲೂ ಮತ್ತೊಮ್ಮೆ ನೋಡಬೇಕು. ಪ್ರಿಂಟಿಗೆ ಪಿಡಿಎಫ್ ಕಳಿಸಿ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಲಗ್ನಪತ್ರಿಕೆಗೆ ರೈಟರ್ ಬೇಡ. ಆ ಕೆಲಸ ನಾನು ಇದರಲ್ಲಿ ಮಾಡುವುದಿಲ್ಲ.

ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ ಬರುತ್ತದೆ. 2024ರಿಂದ ಆವೃತ್ತಿಯ ಹೆಸರಲ್ಲೇ ವರ್ಷ, ತಿಂಗಳು ಇರುತ್ತದೆ, 24.2 ಅಂದರೆ 2024ರ ಫೆಬ್ರವರಿ. ನಾನು ಬಂದ ದಿನವೇ ಹಾಕುವುದಿಲ್ಲ, ಒಂದೆರಡು ತಿಂಗಳು ಕಾಯುತ್ತೇನೆ. ಮೊದಲು ಮನೆಯ ಕಂಪ್ಯೂಟರಿಗೆ, ಆಮೇಲೆ ಅಂಗಡಿಗೆ. ಅಂಗಡಿಯಲ್ಲಿ ಹಾಕುವುದು ಭಾನುವಾರ. ಹಾಕಿದ ಮೇಲೆ ಇ-ಸ್ಟ್ಯಾಂಪ್ ಟೆಂಪ್ಲೇಟನ್ನು ಖಾಲಿ ಹಾಳೆ ಮೇಲೆ ಒಂದು ಪ್ರಿಂಟ್ ತೆಗೆದು, ಹಳೇ ಪ್ರಿಂಟಿನ ಮೇಲಿಟ್ಟು ಬೆಳಕಿಗೆ ಹಿಡಿದು ನೋಡುತ್ತೇನೆ. ಮೊದಲ ಸಾಲು ಮೊದಲ ಸಾಲಿನ ಮೇಲೇ ಕೂತರೆ ಸೋಮವಾರ ಬೆಳಿಗ್ಗೆ ನಿಶ್ಚಿಂತೆಯಿಂದ ಬಾಗಿಲು ತೆಗೆಯುತ್ತೇನೆ.