ಉಪ್ಪುಗಾಳಿಯಲ್ಲಿ ಡ್ಯೂರಾ-ಏಸ್ ಚೈನು

ಮೊದಲೇ ಹೇಳಿಬಿಡುತ್ತೇನೆ: ಈ ಸೈಕಲ್ ಚೈನು ಚೆನ್ನಾಗಿದೆ, ಕೊಟ್ಟ ದುಡ್ಡು ಮಾತ್ರ ಜಾಸ್ತಿ ಆಯಿತು. ನನ್ನ 11 ಸ್ಪೀಡ್ (ಅಂದರೆ ಹಿಂದಿನ ಚಕ್ರದಲ್ಲಿ 11 ಗೇರಿನ) ರೋಡ್ ಬೈಕಿಗೆ ಹಾಕಿಸಿದ್ದು ಶಿಮಾನೊ ಕಂಪನಿಯ ಡ್ಯೂರಾ-ಏಸ್, ಮಾಡೆಲ್ ಹೆಚ್‌ಜಿ 901. ಓಡಾಟವೆಲ್ಲ ಉಡುಪಿ ಸುತ್ತಮುತ್ತ. ಮಲ್ಪೆ, ಕಾಪು ಕಡೆ ಕಡಲ ಬದಿಯ ರಸ್ತೆ, ರಜೆ ಸಿಕ್ಕರೆ ಆಗುಂಬೆ ಘಾಟಿ. ಮರಳು, ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಜಡಿಮಳೆ. ಚೈನಿನ ತಾಕತ್ತು ನೋಡುವುದಕ್ಕೆ ಇದಕ್ಕಿಂತ ಜಾಗ ಬೇಕಾ?

ಮೊದಲನೆಯದು ಐದು ಸಾವಿರ ಕಿಲೋಮೀಟರ್ ಹತ್ತಿರ ಬಂತು. ಈಗ ಎರಡನೆಯದು ಓಡುತ್ತಿದೆ. ಗೇರ್ ಬದಲಾಗುವುದು ಗೊತ್ತೇ ಆಗುವುದಿಲ್ಲ, ಸದ್ದೂ ಕಡಿಮೆ. ಚೈನಿನ ಪ್ಲೇಟುಗಳ ಮೇಲಿನ ಸಿಲ್-ಟೆಕ್ ಅನ್ನುವ ನುಣುಪು ಲೇಪನದಿಂದ ಕೊಳೆ ಒರೆಸಿದರೆ ಸುಲಭವಾಗಿ ಬಿಡುತ್ತದೆ. ಮಳೆಯಲ್ಲಿ ನೆನೆದು ಬಂದ ದಿನ ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಿ ಎಣ್ಣೆ ಬಿಟ್ಟರೆ ತುಕ್ಕಿನ ಕಾಟ ಇಲ್ಲ. ಒರೆಸದೆ ಹಾಗೇ ನಿಲ್ಲಿಸಿದರೆ ಕಡಲ ಬದಿಯಲ್ಲಿ ಯಾವ ಚೈನೂ ಉಳಿಯುವುದಿಲ್ಲ ಬಿಡಿ.

ಆದರೆ ಚೈನು ಸವೆಯುವುದು ಹೊಳೆಯುವ ಮೈಯಲ್ಲಿ ಅಲ್ಲ. 'ಚೈನು ಎಳೆದು ಉದ್ದ ಆಗಿದೆ' ಅಂತೀವಲ್ಲ, ಅಲ್ಲಿ ಪ್ಲೇಟು ಹಿಗ್ಗಿರುವುದಿಲ್ಲ. ಪ್ಲೇಟುಗಳನ್ನು ಜೋಡಿಸುವ ಪಿನ್ನು ಮತ್ತು ಒಳಪ್ಲೇಟಿನ ತೂತಿನ ಅಂಚು ಒಂದಕ್ಕೊಂದು ಉಜ್ಜಿ ತೆಳ್ಳಗಾಗಿರುತ್ತವೆ. ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟು ಸಡಿಲ, ಎಲ್ಲ ಸೇರಿ ಉದ್ದ. ಸಣ್ಣ ಮರಳು ಎಣ್ಣೆಯ ಜೊತೆ ಒಳಗೆ ಸೇರಿದರೆ ಕರೀ ಪೇಸ್ಟ್ ಆಗುತ್ತದೆ, ಪೆಡಲ್ ತುಳಿದಷ್ಟೂ ಕೀಲನ್ನು ತೇಯುತ್ತಲೇ ಇರುತ್ತದೆ. ಮಲ್ಪೆ ಬೀಚಿನ ಕಡೆ ಹೋಗಿ ಬಂದ ಮೇಲೆ ಚೈನನ್ನು ಕಿವಿ ಹತ್ತಿರ ಹಿಡಿದು ಬಗ್ಗಿಸಿ ನೋಡಿ. ಕರಕರ ಅಂದರೆ ಮೇಲೆ ಒರೆಸಿ ಪ್ರಯೋಜನ ಇಲ್ಲ, ಬಿಚ್ಚಿ ತೊಳೆಯಲೇಬೇಕು.

ಸವೆತ ನೋಡುವುದಕ್ಕೆ ಮಕ್ಕಳ ಕಂಪಾಸ್ ಬಾಕ್ಸಿನ ಸ್ಕೇಲ್ ಸಾಲದು, 12 ಇಂಚಿನ ಸ್ಟೀಲ್ ಸ್ಕೇಲ್ ಬೇಕು. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. ಸೊನ್ನೆಗೆ ಒಂದು ಪಿನ್ನಿನ ನಡುವನ್ನು ಇಟ್ಟರೆ, ಹೊಸ ಚೈನಿನಲ್ಲಿ 12ರ ಗೆರೆ ಮೇಲೂ ಒಂದು ಪಿನ್ನಿನ ನಡು ಸರಿಯಾಗಿ ಕೂರುತ್ತದೆ. ಅದು ಗೆರೆ ದಾಟಿ 1/16 ಇಂಚು ಮುಂದೆ ಹೋದರೆ ಅರ್ಧ ಶೇಕಡಾ ಸವೆದ ಲೆಕ್ಕ. 11 ಸ್ಪೀಡಿನಲ್ಲಿ ಅಲ್ಲಿಗೇ ಚೈನು ಬದಲಾಯಿಸುವುದು ಒಳ್ಳೆಯದು. ಇನ್ನೂ ಓಡುತ್ತಲ್ಲ ಅಂತ ಬಿಟ್ಟರೆ ಅದು ಕ್ಯಾಸೆಟ್ಟಿನ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಂಪಿನ) ಹಲ್ಲು ತಿನ್ನುತ್ತದೆ. ಕ್ಯಾಸೆಟ್ ರೇಟು ನಿಮಗೇ ಗೊತ್ತು.

ಹಾಕಿಸುವಾಗ ಹತ್ತಿರ ನಿಂತು ನೋಡಿ. ಅಕ್ಷರ ಇರುವ ಬದಿ ಹೊರಗೆ ಬರಬೇಕು. ನನಗೆ ಒಂದು ಅಂಗಡಿಯಲ್ಲಿ ಹಳೇ ಪಿನ್ನನ್ನೇ ಮತ್ತೆ ಗುದ್ದಿ ಜೋಡಿಸಿ ಕೊಟ್ಟಿದ್ದರು. ಸೋಮೇಶ್ವರದಿಂದ ಮೇಲೆ, ಘಾಟಿಯ ಒಂದು ತಿರುವಿನಲ್ಲಿ ಎದ್ದು ನಿಂತು ತುಳಿಯುವಾಗ ಸರಿಯಾಗಿ ಅದೇ ಕೀಲು ಬಿಟ್ಟುಕೊಂಡಿತು. ಚೈನಿನ ತಪ್ಪೇನೂ ಇರಲಿಲ್ಲ. ಜೋಡಿಸುವುದಕ್ಕೆ ಹೊಸ ಪಿನ್ನು ಬೇಕು, ಇಲ್ಲವೇ ಚೈನಿನ ಎರಡು ತುದಿ ಸೇರಿಸುವ ಹೊಸ ಕೊಂಡಿ, ಅಂದರೆ ಕ್ವಿಕ್ ಲಿಂಕ್. 11 ಸ್ಪೀಡಿನ ಕ್ವಿಕ್ ಲಿಂಕನ್ನೂ ಬಿಚ್ಚಿದರೆ ಮತ್ತೆ ಬಳಸಬೇಡಿ ಅಂತ ಶಿಮಾನೊನೇ ಹೇಳುತ್ತದೆ. ಸುಮ್ನೆ ನೂರಿನ್ನೂರು ಉಳಿಸೋಕೆ ಹೋಗಬೇಡಿ, ಬ್ಯಾಗಿನಲ್ಲಿ ಒಂದು ಇಟ್ಟುಕೊಂಡಿರಿ.

ಮೇಣದ ವಿಷಯ ತುಂಬಾ ಜನ ಕೇಳುತ್ತಾರೆ. ಪ್ಯಾರಾಫಿನ್ ಮೇಣ ಕರಗಿಸಿ ಅದರಲ್ಲಿ ಚೈನು ಅದ್ದಿದರೆ ಬೇಸಿಗೆಯಲ್ಲಿ ಅದರಷ್ಟು ಚೊಕ್ಕ ಇನ್ನೊಂದಿಲ್ಲ, ಧೂಳು ಅಂಟುವುದೇ ಇಲ್ಲ. ನಮ್ಮ ಆಷಾಢದ ಮಳೆಗೆ ಅದು ನಿಲ್ಲುವುದಿಲ್ಲ. ಆಗ ವೆಟ್ ಲ್ಯೂಬೇ (ಮಳೆಗೆ ಬೇಗ ತೊಳೆದುಹೋಗದ ಚೈನೆಣ್ಣೆ) ಗತಿ.

ಇನ್ನು ದುಡ್ಡಿನ ಮಾತು. ಇದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಅಲ್ಟೆಗ್ರಾ ಹೆಚ್‌ಜಿ 701ರಲ್ಲೂ ಸಿಲ್-ಟೆಕ್ ಇದೆ. ದೊಡ್ಡ ವ್ಯತ್ಯಾಸ ಅಂದರೆ 901ರ ಪಿನ್ನು ಟೊಳ್ಳು, ತೂಕದಲ್ಲಿ ಹತ್ತು ಗ್ರಾಂ ಆಸುಪಾಸು ಉಳಿಯುತ್ತದೆ. ಗೆಳೆಯನ 701 ನನ್ನ ಜೊತೆಗೇ, ಇದೇ ರಸ್ತೆಗಳಲ್ಲಿ ಓಡಿದೆ. ಬಾಳಿಕೆಯಲ್ಲಿ ನನ್ನದಕ್ಕೆ ಏನೂ ಕಡಿಮೆ ಇಲ್ಲ. ರೇಸಿಗೆ ಹೋಗುವವರು 901 ತಗೊಳ್ಳಲಿ. ಈಗಿನದು ಸವೆದ ಮೇಲೆ ನಾನು ಹಾಕಿಸುವುದು 701. ಉಳಿದ ದುಡ್ಡಿಗೆ ಒಂದು ಬಾಟಲಿ ಒಳ್ಳೆ ಲ್ಯೂಬ್ ಬರುತ್ತದೆ, ಅಲ್ವಾ?