ಚಿಕ್ಕ ಮನೆಗೆ ಹೊರಟ ಕುಟುಂಬಕ್ಕೆ ಯು-ಹಾಲ್‌ನ 17 ಅಡಿಯ ಟ್ರಕ್

2009ರ ಜುಲೈ 25, ಶನಿವಾರದಂದು ನಾವು ಅಮೆರಿಕದ ಅರಿಜೋನ ರಾಜ್ಯದ ಚಾಂಡ್ಲರ್‌ನಲ್ಲಿದ್ದ ನಾಲ್ಕು ಬೆಡ್‌ರೂಮಿನ ಬಾಡಿಗೆ ಮನೆಯನ್ನು ಖಾಲಿ ಮಾಡಿ, ಟೆಂಪಿಯಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿಗೆ ಬಂದೆವು. ಸಾಮಾನು ಸಾಗಿಸಲು ಯು-ಹಾಲ್ ಸಂಸ್ಥೆಯ 17 ಅಡಿಯ ಟ್ರಕ್ಕನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ತೆಗೆದುಕೊಂಡು ನಾವೇ ಓಡಿಸಿದೆವು. ಈ ಊರಿನ ಎಷ್ಟೋ ಕನ್ನಡ ಕುಟುಂಬಗಳು ಆಗ ನಮ್ಮಂತೆಯೇ ದೊಡ್ಡ ಮನೆಯಿಂದ ಚಿಕ್ಕ ಮನೆಗೆ ಹೋಗಬೇಕಾದ ಸ್ಥಿತಿಯಲ್ಲಿದ್ದವು. ಅಂಥವರಿಗೆ ಉಪಯೋಗವಾಗಲೆಂದು ನಮ್ಮ ಅನುಭವವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಬಾಡಿಗೆಯನ್ನು ನಾವು ಒಂದು ತಿಂಗಳೂ ತಪ್ಪಿಸಿರಲಿಲ್ಲ. ಆದರೆ ಚಾಂಡ್ಲರ್, ಟೆಂಪಿ ಎರಡೂ ಸೇರಿದಂತೆ ಫೀನಿಕ್ಸ್ ನಗರದ ಸುತ್ತಮುತ್ತಲಿನ ಮನೆಗಳ ಬೆಲೆ 2006ರ ಮಧ್ಯಭಾಗದಿಂದ 2009ರ ಹೊತ್ತಿಗೆ ಅರ್ಧಕ್ಕಿಂತಲೂ ಹೆಚ್ಚು ಕುಸಿದಿತ್ತು. ಏರುಗಾಲದಲ್ಲಿ ಸಾಲ ಮಾಡಿ ನಮ್ಮ ಮನೆಯನ್ನು ಕೊಂಡಿದ್ದ ಮಾಲೀಕರು ಬೇರೆ ರಾಜ್ಯದಲ್ಲಿದ್ದವರು. ಮನೆಯ ಬೆಲೆಗಿಂತ ಸಾಲವೇ ಹೆಚ್ಚಾದಾಗ ಅವರು ಬ್ಯಾಂಕಿಗೆ ಕಂತು ಕಟ್ಟುವುದನ್ನು ನಿಲ್ಲಿಸಿದ್ದರು, ನಮ್ಮಿಂದ ಬಾಡಿಗೆ ಪಡೆಯುವುದನ್ನು ನಿಲ್ಲಿಸಿರಲಿಲ್ಲ. ಫೆಬ್ರುವರಿಯ ಒಂದು ಸಂಜೆ ಬಾಗಿಲಿಗೆ ಅಂಟಿಸಿದ್ದ ಹರಾಜಿನ ನೋಟಿಸನ್ನು ಶಾಲೆಯಿಂದ ಬಂದ ನಮ್ಮ ಮಗಳೇ ಮೊದಲು ಓದಿದಳು. ಅದೇ ಸಮಯಕ್ಕೆ ನಮ್ಮ ಯಜಮಾನರ ಕಾಂಟ್ರ್ಯಾಕ್ಟ್ ಕೆಲಸದ ಗಂಟೆಗಳೂ ಕಡಿಮೆಯಾಗಿದ್ದರಿಂದ, ತಿಂಗಳಿಗೆ 1,450 ಡಾಲರಿನ ಮನೆಯ ಬದಲು 850 ಡಾಲರಿನ ಮನೆಗೆ ಹೋಗುವುದೆಂದು ತೀರ್ಮಾನಿಸಿದೆವು.

ಹರಾಜಾದ ಮೇಲೆ ಬ್ಯಾಂಕಿನ ಪರವಾಗಿ ಬಂದ ಒಬ್ಬ ಏಜೆಂಟರು ಎರಡು ವಾರದಲ್ಲಿ ಮನೆ ಬಿಡಬೇಕೆಂದರು. ಅಷ್ಟರಲ್ಲಿ, ಅಂದರೆ ಮೇ 20ರಂದು, ಹರಾಜಾದ ಮನೆಯ ಬಾಡಿಗೆದಾರರನ್ನು ರಕ್ಷಿಸುವ ಕೇಂದ್ರ ಕಾನೂನಿಗೆ ಆಗಿನ ಅಧ್ಯಕ್ಷ ಒಬಾಮಾ ಅವರ ಸಹಿಯಾಗಿತ್ತು. ಕರಾರಿನ ಅವಧಿ ಉಳಿದಿರುವ ಬಾಡಿಗೆದಾರರು ಸಾಮಾನ್ಯವಾಗಿ ಆ ಅವಧಿ ಮುಗಿಯುವವರೆಗೆ ಇರಬಹುದು. ನಮ್ಮಂತೆ ತಿಂಗಳಿಂದ ತಿಂಗಳಿಗೆ ಇರುವವರಿಗೆ ಕನಿಷ್ಠ 90 ದಿನಗಳ ನೋಟಿಸ್ ಕೊಡಲೇಬೇಕು. ಆ ಕಾನೂನಿನ ಪ್ರತಿಯನ್ನು ತೆಗೆದು ತೋರಿಸಿದ ಮೇಲೆ ಏಜೆಂಟರು ಎರಡು ವಾರದ ಮಾತನ್ನು ಬಿಟ್ಟರು. ಈ 90 ದಿನಗಳು ಸಿಗದೇ ಹೋಗಿದ್ದರೆ ಟ್ರಕ್ಕಿನ ಗಾತ್ರ, ದರ, ದಿನ ಯಾವುದನ್ನೂ ಆರಿಸುವ ವ್ಯವಧಾನ ನಮಗಿರುತ್ತಿರಲಿಲ್ಲ. ಬಾಗಿಲಿಗೆ ನೋಟಿಸ್ ಬಿದ್ದವರು ಟ್ರಕ್ಕಿಗಿಂತ ಮುಂಚೆ ಈ ಕಾನೂನನ್ನು ವಿಚಾರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲು ನಾವು ಕಟ್ಟುವುದು, ಸಾಗಿಸುವುದು, ಇಳಿಸುವುದು ಎಲ್ಲವನ್ನೂ ತಾವೇ ಮಾಡುವ ಒಂದು ಕಂಪನಿಯನ್ನು ಕೇಳಿದ್ದೆವು. ಫೋನಿನಲ್ಲಿ ಹೇಳಿದ ಮೊತ್ತ ಮನೆ ನೋಡಿಹೋದ ಮೇಲೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಆಮೇಲೆ ಯು-ಹಾಲ್ ಕಡೆ ತಿರುಗಿದೆವು. ಅದು 1945ರಿಂದ ಇರುವ ಸಂಸ್ಥೆ, ಅದರ ಮುಖ್ಯ ಕಚೇರಿ ಇಲ್ಲೇ ಫೀನಿಕ್ಸಿನಲ್ಲಿದೆ. ದೇಶದ ಯಾವ ಮೂಲೆಯಲ್ಲಿ ಅದರ ಟ್ರಕ್ ಕಂಡರೂ ಅರಿಜೋನದ ನಂಬರ್ ಪ್ಲೇಟ್ ಇರುವುದನ್ನು ನೀವು ಗಮನಿಸಿರಬಹುದು. ಹದಿನೆಂಟು ತುಂಬಿ, ಮಾಮೂಲಿ ಲೈಸೆನ್ಸ್ ಇದ್ದರೆ ಸಾಕು, ಯಾರಿಗೂ ಟ್ರಕ್ ಸಿಗುತ್ತದೆ.

ಇಲ್ಲಿ ಅತಿ ಮುಖ್ಯವಾದ ಪ್ರಶ್ನೆ ಗಾತ್ರದ್ದು. ಸಂಸ್ಥೆಯ ಸೂಚನಾಪಟ್ಟಿ ಬೆಡ್‌ರೂಮುಗಳ ಲೆಕ್ಕದಲ್ಲಿ ಟ್ರಕ್ ಸೂಚಿಸುತ್ತದೆ, ಮತ್ತು ನಾವೆಲ್ಲರೂ ಸಹಜವಾಗಿ ಬಿಡುತ್ತಿರುವ ಮನೆಯ ಬೆಡ್‌ರೂಮುಗಳನ್ನೇ ಎಣಿಸುತ್ತೇವೆ. ಆ ಲೆಕ್ಕದಲ್ಲಿ ನಮಗೆ 26 ಅಡಿಯ ಟ್ರಕ್ ಬೇಕಿತ್ತು. ಆದರೆ 26 ಅಡಿ ತುಂಬ ಸಾಮಾನು ತಂದು 950 ಚದರಡಿಯ ಮನೆಯ ಮುಂದೆ ಇಳಿಸಿದರೆ ಅದನ್ನು ಇಡುವುದು ಎಲ್ಲಿ? ಆದ್ದರಿಂದ ಹೋಗುವ ಮನೆಯ ಎರಡು ಬೆಡ್‌ರೂಮುಗಳ ಲೆಕ್ಕ ಹಿಡಿದು 17 ಅಡಿಯದನ್ನು ಗೊತ್ತುಮಾಡಿದೆವು. ಚಿಕ್ಕ ಮನೆಗೆ ಹೊರಟವರು ಹೀಗೆಯೇ ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಟ್ರಕ್ಕಿನ ಗಾತ್ರ ಮೂರು ವಾರ ಮೊದಲೇ ಗೊತ್ತಾದರೆ, ಯಾವುದು ಬರಬೇಕು ಯಾವುದು ಉಳಿಯಬೇಕು ಎಂಬ ಚರ್ಚೆಗೆ ಮನೆಯಲ್ಲಿ ಒಂದು ಮಿತಿ ಸಿಗುತ್ತದೆ.

ನಮ್ಮ ಅತ್ತೆಯವರು ಮೈಸೂರಿನಿಂದ ಬಂದು ನಮ್ಮೊಂದಿಗಿದ್ದರು. ಗ್ಯಾರೇಜಿನ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ 17 ಅಡಿ ಉದ್ದ, ಏಳೂವರೆ ಅಡಿ ಅಗಲದ ಒಂದು ಚೌಕಟ್ಟನ್ನು ಎಳೆದವರು ಅವರೇ. ಗೆರೆಯ ಒಳಗೆ, ಆಳೆತ್ತರದವರೆಗೆ, ಹಿಡಿಸಿದ್ದು ಬರುತ್ತದೆ, ಗೆರೆ ದಾಟಿದ್ದು ಬರುವುದಿಲ್ಲ ಎಂದು ಮಕ್ಕಳಿಗೆ ತಿಳಿಸಿ ಹೇಳಿದೆವು. ಎಂಟು ಜನ ಕೂರುವ ಊಟದ ಮೇಜು, ಎರಡನೆಯ ಸೋಫಾ, ಅತಿಥಿಗಳ ಮಂಚ ಗೆರೆಯಾಚೆ ಉಳಿದವು. ಹಳೆಯ ಸಾಮಾನು ಮಾರಲು ಜಾಹೀರಾತು ಹಾಕುವ ಜಾಲತಾಣವಾದ ಕ್ರೇಗ್ಸ್‌ಲಿಸ್ಟಿನಲ್ಲಿ ಹಾಕಿದರೂ ಅವುಗಳಿಗೆ ಹೇಳಿಕೊಳ್ಳುವಂಥ ಬೆಲೆ ಬರಲಿಲ್ಲ, ಏಕೆಂದರೆ ಪ್ರತಿ ಶನಿವಾರ ನಮ್ಮ ಬೀದಿಯಲ್ಲೇ ಮೂರು ನಾಲ್ಕು ಮನೆಗಳ ಮುಂದೆ ಅಂಥವೇ ಸೋಫಾಗಳು ಮಾರಾಟಕ್ಕಿರುತ್ತಿದ್ದವು. ನಾನು ಗ್ರೈಂಡರನ್ನೂ ಆಚೆ ಇಟ್ಟು, "ಅತ್ತೆ, ಇದನ್ನೂ ಯಾರಿಗಾದರೂ ಕೊಟ್ಟುಬಿಡೋಣ, ಮಿಕ್ಸಿ ಇದೆಯಲ್ಲ" ಎಂದೆ. ಅವರು ಏನೂ ಹೇಳದೆ ಅದರ ಕಲ್ಲನ್ನು ಎತ್ತಿ ಹಳೆಯ ಸೀರೆಯಲ್ಲಿ ಸುತ್ತಿ ಗೆರೆಯೊಳಗೆ ಇಟ್ಟರು. ಆಮೇಲೆ, "ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ದಿನವೇ ಅಕ್ಕಿ, ಉದ್ದು ನೆನೆಹಾಕಮ್ಮ. ಮಕ್ಕಳಿಗೆ ಮಾರನೆಯ ದಿನ ದೋಸೆ ಆಗಬೇಕು" ಎಂದರು.

ದಿನಾಂಕದ ವಿಚಾರದಲ್ಲಿ ಈ ಸೇವೆಯನ್ನು ಮನಸಾರೆ ಮೆಚ್ಚುತ್ತೇನೆ. ನಾವು ಮೊದಲು ಜುಲೈ 11ಕ್ಕೆ ಟ್ರಕ್ ಗೊತ್ತುಮಾಡಿದ್ದೆವು. ಅದು ಆಷಾಢ. ಆಷಾಢದಲ್ಲಿ ಹಾಲುಕ್ಕಿಸುವುದು ಬೇಡ, ಬುಧವಾರ 22ರ ಅಮಾವಾಸ್ಯೆ ಕಳೆಯಲಿ, ಅದೇ ದಿನ ಸೂರ್ಯಗ್ರಹಣವೂ ಇದೆ ಎಂದು ಅತ್ತೆಯವರು ಹೇಳಿದಾಗ, ಮನೆ ಕೈತಪ್ಪಿದ ಈ ಹೊತ್ತಿನಲ್ಲಿ ಅವರ ಮಾತು ಮೀರಲು ನಮ್ಮಿಬ್ಬರಿಗೂ ಮನಸ್ಸು ಬರಲಿಲ್ಲ. ಒಂದು ಫೋನ್ ಮಾಡಿ ದಿನಾಂಕವನ್ನು ಶ್ರಾವಣದ ಮೊದಲ ಶನಿವಾರಕ್ಕೆ ಬದಲಿಸಿದೆವು. ಅದಕ್ಕೆ ಹೆಚ್ಚುವರಿ ಹಣ ಕೇಳಲಿಲ್ಲ. ತಿಂಗಳ ಕೊನೆಯ ಎರಡು ಮೂರು ದಿನಗಳಲ್ಲಿ ಎಲ್ಲರೂ ಮನೆ ಬದಲಿಸುವುದರಿಂದ ಆಗ ಟ್ರಕ್ ಸಿಗುವುದು ಕಷ್ಟ. ಸಾಧ್ಯವಾದರೆ ಅದನ್ನು ತಪ್ಪಿಸಿ.

ಟ್ರಕ್ಕಿನ ಬಗ್ಗೆ ಹೇಳುವುದಾದರೆ, ಅದು ಆಟೊಮ್ಯಾಟಿಕ್, ಮುಂದಿನ ಕ್ಯಾಬಿನ್ನಿನಲ್ಲಿ ಏಸಿ ಇದೆ. ಹಿಂದಿನಿಂದ ಎಳೆದರೆ ಹೊರಬರುವ ಅಲ್ಯೂಮಿನಿಯಮ್ ಇಳಿಜಾರು ಹಲಗೆಯಿಂದಾಗಿ ಫ್ರಿಜ್ಜಿನಂಥ ವಸ್ತುವನ್ನೂ ಎರಡು ಚಕ್ರದ ತಳ್ಳುಗಾಡಿಯಲ್ಲಿ ಇಬ್ಬರೇ ಏರಿಸಬಹುದು. ಹಿಂದೆ ಏನಿದೆ ಎಂದು ಕನ್ನಡಿಯಲ್ಲಿ ನೇರವಾಗಿ ಕಾಣುವುದಿಲ್ಲ; ಪಕ್ಕದ ಎರಡು ಕನ್ನಡಿಗಳನ್ನೇ ನಂಬಬೇಕು, ಹಿಮ್ಮುಖವಾಗಿ ಬರುವಾಗ ಒಬ್ಬರು ಇಳಿದು ನಿಂತು ದಾರಿ ತೋರಿಸಲೇಬೇಕು. ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಬಿಸಿಲಿಗೆಂದು ಕಾರು ನಿಲ್ಲಿಸುವ ಜಾಗಕ್ಕೆ ತಗಡಿನ ಚಾವಣಿ ಹಾಕಿರುತ್ತಾರೆ, ಅದರ ಕೆಳಗೆ ಈ ಟ್ರಕ್ ಹೋಗುವುದಿಲ್ಲ. ಮುಂಚಿನ ದಿನವೇ ಹೋಗಿ ಎಲ್ಲಿ ನಿಲ್ಲಿಸಬಹುದೆಂದು ನೋಡಿ ಬಂದದ್ದು ನಮಗೆ ಒಳ್ಳೆಯದಾಯಿತು.

ಚಾಲಕನ ಕ್ಯಾಬಿನ್ನಿನ ಮೇಲ್ಭಾಗಕ್ಕೆ ಚಾಚಿಕೊಂಡಿರುವ ಒಂದು ಜಾಗವಿದೆ. ಅದಕ್ಕೆ ಸಂಸ್ಥೆಯವರು 'ಮಾಮ್ಸ್ ಆಟಿಕ್' ಎಂದು ಹೆಸರಿಟ್ಟಿದ್ದಾರೆ, ಒಡೆಯುವ ವಸ್ತುಗಳನ್ನು ಅಲ್ಲಿಡಲು ಹೇಳುತ್ತಾರೆ. ಅಮ್ಮನ ಅಟ್ಟ ಎಂದು ಅದರ ಅರ್ಥ ಹೇಳಿದಾಗ ಅತ್ತೆಯವರು ದೇವರ ಪೆಟ್ಟಿಗೆ, ಮಾವನವರ ಫೋಟೊ, ಬೆಳ್ಳಿ ಕಳಶ ಮೂರನ್ನೂ ತಾವೇ ಹೊದಿಕೆ ಸುತ್ತಿ ಅಲ್ಲಿಡಿಸಿದರು. ಮೂರಕ್ಕೂ ಒಂದು ಗೀರೂ ಆಗದೆ ಬಂದವು.

ಬಿಸಿಲಿನ ಬಗ್ಗೆ ಎಚ್ಚರಿಕೆ ಅಗತ್ಯ. ನಮ್ಮ ಜುಲೈಯಲ್ಲಿ ಮಧ್ಯಾಹ್ನದ ಉಷ್ಣತೆ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಸಾಮಾನಿನ ಭಾಗಕ್ಕೆ ಏಸಿ ಇಲ್ಲದ್ದರಿಂದ ಅದು ಒಲೆಯಂತೆ ಕಾಯುತ್ತದೆ, ಇಳಿಜಾರು ಹಲಗೆಯ ಮೇಲೆ ಬರಿಗೈ ಇಡಲಾಗುವುದಿಲ್ಲ. ಬೆಳಿಗ್ಗೆ ಏಳಕ್ಕೆ ಟ್ರಕ್ ಪಡೆದು ಹನ್ನೊಂದರೊಳಗೆ ತುಂಬಿಸಿ ಮುಗಿಸಿದೆವು. ಔಷಧಿ, ತುಪ್ಪ, ಮೇಣದ ಬತ್ತಿ, ಫೋಟೊ ಆಲ್ಬಮ್ಮುಗಳನ್ನು ನಿಮ್ಮ ಕಾರಿನಲ್ಲೇ ಒಯ್ಯಿರಿ.

ಖರ್ಚನ್ನು ಸ್ಪಷ್ಟವಾಗಿ ಹೇಳುತ್ತೇನೆ. 2009ರಲ್ಲಿ ಟ್ರಕ್ಕಿನ ಮೈಮೇಲೆ ದೊಡ್ಡದಾಗಿ ಬರೆದಿದ್ದ 19 ಡಾಲರ್ 95 ಸೆಂಟಿನ ದರ ಚಿಕ್ಕ ಗಾಡಿಯದಾಗಿತ್ತು, ಅದೂ ಊರೊಳಗಿನ ಬಳಕೆಗೆ. ನಮ್ಮದಕ್ಕೆ 29 ಡಾಲರ್ 95 ಸೆಂಟು, ಅದರ ಮೇಲೆ ಮೈಲಿಗೆ 79 ಸೆಂಟಿನಂತೆ 31 ಮೈಲಿಗೆ 24 ಡಾಲರ್ 49 ಸೆಂಟು. ಟ್ರಕ್ಕಿಗೆ ಪೆಟ್ಟಾದರೆ ಭರಿಸುವ ರಕ್ಷಣೆ, ತಳ್ಳುಗಾಡಿ, ಒಂದು ಡಜನ್ ಹೊದಿಕೆ, ತೆರಿಗೆ ಸೇರಿ 90 ಡಾಲರಿನ ಒಳಗೇ ಆಯಿತು. ಪೆಟ್ರೋಲನ್ನು ಪಡೆದಾಗ ಇದ್ದ ಮಟ್ಟಕ್ಕೆ ತುಂಬಿಸಿ ಕೊಡಬೇಕು. ಗ್ಯಾಲನ್ನಿಗೆ ಸುಮಾರು 10 ಮೈಲಿ ಎಂದಿಟ್ಟುಕೊಳ್ಳಿ. ನಿಮ್ಮ ಕಾರಿನ ವಿಮೆ ಬಾಡಿಗೆ ಟ್ರಕ್ಕಿಗೆ ಅನ್ವಯಿಸುತ್ತದೆಂದು ಭಾವಿಸಿ ಆ ರಕ್ಷಣೆಯನ್ನು ಬೇಡವೆನ್ನಬೇಡಿ. ಅನೇಕ ಪಾಲಿಸಿಗಳಲ್ಲಿ ಅದು ಇರುವುದಿಲ್ಲ. ಒಂದೂರಿನಲ್ಲಿ ಪಡೆದು ಇನ್ನೊಂದೂರಿನಲ್ಲಿ ಬಿಡುವ ಬಾಡಿಗೆಯ ಲೆಕ್ಕವೇ ಬೇರೆ, ನನ್ನ ಈ ಅಂಕಿಗಳು ಅದಕ್ಕೆ ಹೊಂದುವುದಿಲ್ಲ.

ಹಳೆಯ ಮನೆಯ ಠೇವಣಿ ನಮಗೆ ಮರಳಿ ಬರಲಿಲ್ಲ, ಮಾಲೀಕರು ಫೋನ್ ಎತ್ತುವುದನ್ನೇ ಬಿಟ್ಟರು. ಅರಿಜೋನದ ಕಾನೂನಿನಂತೆ ಠೇವಣಿ ಒಂದೂವರೆ ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲವಾದರೂ, ನಮ್ಮಂಥ ಮನೆಗೆ ಅದು ಎರಡು ಸಾವಿರ ಡಾಲರನ್ನು ದಾಟುತ್ತದೆ. ಆ ನಷ್ಟದ ನಡುವೆ ಟ್ರಕ್ಕಿನಲ್ಲಿ ಉಳಿದ ಪ್ರತಿ ಡಾಲರೂ ನಮಗೆ ದೊಡ್ಡದಾಗಿತ್ತು.

ರಟ್ಟಿನ ಪೆಟ್ಟಿಗೆಗಳನ್ನೂ ಅವರಲ್ಲೇ ಕೊಂಡಿದ್ದೆವು. ಬಳಸದೆ ಉಳಿದ ಪೆಟ್ಟಿಗೆಗಳನ್ನು ಅವರು ವಾಪಸು ತೆಗೆದುಕೊಂಡು ಹಣ ಕೊಡುತ್ತಾರೆ. ಚೌಕಟ್ಟು ಎಳೆದು ಸಾಮಾನು ಕಡಿಮೆ ಮಾಡಿದ್ದರಿಂದ ನಮ್ಮಲ್ಲಿ ಹನ್ನೊಂದು ಉಳಿದಿದ್ದವು. ಜುಲೈ 31ರ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ನಮ್ಮ ಯಜಮಾನರು ಅವನ್ನು ಒಯ್ದು ಕೊಟ್ಟು, ಬಂದ ಹಣದಲ್ಲಿ ಕಳಶಕ್ಕೆ ತೆಂಗಿನಕಾಯಿ ಮತ್ತು ಹೂವು ತಂದರು.